ಹಳೇ ಕಾರಿಗೆ ಸೆಕೆಂಡ್ ಹ್ಯಾಂಡ್ ಎಂಜಿನ್: ಗುಜರಿಯಲ್ಲಿ ನೋಡಿ ಆರಿಸುವುದು ಹೇಗೆ?

ಮೆಕ್ಯಾನಿಕ್ "ಎಂಜಿನ್ ಹೋಗಿದೆ ಸಾರ್" ಅಂದ ಕೂಡಲೇ ಗುಜರಿ ಕಡೆ ಓಡಬೇಡಿ. ಓಡುವವರೇ ಜಾಸ್ತಿ. ಕಾರು ಗ್ಯಾರೇಜಿನಲ್ಲಿ ನಿಂತಿರುತ್ತದೆ, ಮನೆಯಲ್ಲಿ ದಿನಾ ಕೇಳುತ್ತಿರುತ್ತಾರೆ, ಯಾರೋ ಒಬ್ಬರು "ನನಗೆ ಗೊತ್ತಿರೋ ಕಡೆ ಒಳ್ಳೇ ಎಂಜಿನ್ ಇದೆ" ಅನ್ನುತ್ತಾರೆ. ಅವಸರದಲ್ಲಿ ದುಡ್ಡು ಕೊಟ್ಟು ಎಂಜಿನ್ ಕೂರಿಸಿದ ಮೇಲೆ ಅದೂ ಹೊಗೆ ಬಿಡುತ್ತದೆ. ಆಮೇಲೆ ಅಂಗಡಿಯವನು ಮೆಕ್ಯಾನಿಕ್ ಕಡೆ ಕೈ ತೋರಿಸುತ್ತಾನೆ, ಮೆಕ್ಯಾನಿಕ್ ಅಂಗಡಿ ಕಡೆ.

ಇಲ್ಲಿ ಉದಾಹರಣೆಗೆ ಸ್ವಿಫ್ಟ್ ಡೀಸೆಲ್ ಇಟ್ಟುಕೊಳ್ಳುತ್ತೇನೆ. ಯಾಕೆ ಅಂದರೆ ನಮ್ಮ ಕಡೆ ಈ ಪ್ರಶ್ನೆ ಹೆಚ್ಚಾಗಿ ಬರುವುದೇ ಆ ಎಂಜಿನ್ ಬಗ್ಗೆ. ಫಿಯೆಟ್ ವಿನ್ಯಾಸದ 1248 ಸಿಸಿ ಮಲ್ಟಿಜೆಟ್. ಮಾರುತಿ ಇದನ್ನು ಡಿಡಿಐಎಸ್ ಅಂತ ಕರೆಯಿತು. 2007ರಲ್ಲಿ ಸ್ವಿಫ್ಟ್‌ನಲ್ಲಿ ಬಂತು, ಆಮೇಲೆ ಡಿಜೈರ್, ರಿಟ್ಜ್, ಎರ್ಟಿಗಾ, ಸಿಯಾಜ್, ಬ್ರೆಝಾ ಅಂತ ಹಬ್ಬಿತು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಅನ್ನುವ ಹೊಗೆ ಮಾಲಿನ್ಯದ ನಿಯಮ ಬಂದಾಗ ಮಾರುತಿ ಡೀಸೆಲ್ ಕಾರನ್ನೇ ಬಿಟ್ಟುಬಿಟ್ಟಿತು. ರಸ್ತೆಯಲ್ಲಿ ಈ ಕಾರುಗಳು ಇನ್ನೂ ಬೇಕಾದಷ್ಟಿವೆ. ನಿಮ್ಮದು ಪೆಟ್ರೋಲ್ ಆಲ್ಟೋ ಇರಲಿ, ಸ್ಯಾಂಟ್ರೋ ಇರಲಿ, ನೋಡುವ ಕ್ರಮ ಮಾತ್ರ ಇದೇ.

1. ಹಳೇ ಎಂಜಿನ್ ಯಾಕೆ ಕೆಟ್ಟಿತು?

ಇದಕ್ಕೆ ಉತ್ತರ ಸಿಗದೆ ಬೇರೆ ಎಂಜಿನ್ ತರುವುದು ದಂಡ. ರೇಡಿಯೇಟರ್ ಕಟ್ಟಿಕೊಂಡು ಎಂಜಿನ್ ಹೀಟ್ ಆಗಿ ಹೆಡ್ (ಎಂಜಿನ್‌ನ ಮೇಲಿನ ಭಾಗ) ಬೆಂಡ್ ಆಗಿದ್ದರೆ, ಅದೇ ರೇಡಿಯೇಟರ್ ಹೊಸದಾಗಿ ತಂದದ್ದನ್ನೂ ಹೀಟ್ ಮಾಡುತ್ತದೆ. ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಒಡೆದು ಲೋಹದ ಚೂರು ಆ ಗಾಳಿ ತಣಿಸುವ ಇಂಟರ್‌ಕೂಲರ್ ಒಳಗೆ ಕೂತಿದ್ದರೆ, ಬಂದ ಎಂಜಿನ್ ಅದನ್ನೇ ಒಳಗೆಳೆದುಕೊಳ್ಳುತ್ತದೆ. ಆಯಿಲ್ ಕಡಿಮೆ ಇಟ್ಟು ಓಡಿಸಿ ಬೇರಿಂಗ್ ಹೋಗಿದ್ದರೆ ಆಯಿಲ್ ಸೋರುತ್ತಿತ್ತೇ, ಎಂಜಿನ್ ಕುಡಿಯುತ್ತಿತ್ತೇ, ಅಥವಾ ಯಾರೂ ಡಿಪ್ ಸ್ಟಿಕ್ ಮುಟ್ಟಿರಲಿಲ್ಲವೇ ನೋಡಿ.

ಮೆಕ್ಯಾನಿಕ್ ಹತ್ತಿರ ಬಿಡಿಸಿ ಕೇಳಿ: "ಅಣ್ಣಾ, ಏನು ಹೋಗಿದೆ? ಹೆಡ್ಡಾ, ಬೋರಾ, ಕ್ರ್ಯಾಂಕಾ?" ಬೋರ್ ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್, ಕ್ರ್ಯಾಂಕ್ ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡ. ಹೆಡ್ ಗ್ಯಾಸ್ಕೆಟ್ ಮಾತ್ರ ಹೋಗಿದ್ದರೆ ಹೆಡ್ ಬಿಚ್ಚಿ ಲೇತ್‌ಗೆ ಕೊಟ್ಟು ಫೇಸಿಂಗ್ (ಮೇಲ್ಮೈ ಸಮ) ಮಾಡಿಸಿದರೆ ಮುಗಿಯಬಹುದು. ಪಿಸ್ಟನ್ ರಿಂಗ್ ಸವೆದಿದ್ದರೆ, ಬ್ಲಾಕ್ ಚೆನ್ನಾಗಿದ್ದರೆ ಅದೇ ಎಂಜಿನ್ ಬಿಚ್ಚಿ ಕೆಲಸ ಮಾಡಿಸುವುದೇ ವಾಸಿ, ಯಾಕೆಂದರೆ ಆ ಬ್ಲಾಕ್‌ನ ಚರಿತ್ರೆ ನಿಮಗೆ ಗೊತ್ತು. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ತೂತಾಗಿದೆ, ಕ್ರ್ಯಾಂಕ್ ಸೀಜ್ ಆಗಿ ಸುಟ್ಟಿದೆ, ಚೈನ್ ಜಾರಿ ವಾಲ್ವು ಪಿಸ್ಟನ್ನಿಗೆ ಬಡಿದು ಎಲ್ಲಾ ಹಾಳಾಗಿದೆ ಅನ್ನುವಾಗ ಮಾತ್ರ ಬೇರೆ ಎಂಜಿನ್ ಮಾತು.

ಕಂಪನಿ ವರ್ಕ್‌ಶಾಪಿನಲ್ಲಿ ಹೊಸ ಹಾಫ್ ಎಂಜಿನ್ ರೇಟನ್ನೂ ಒಂದು ಸಲ ಕೇಳಿಟ್ಟುಕೊಳ್ಳಿ. ಹಾಫ್ ಎಂಜಿನ್ ಅಂದರೆ ಬ್ಲಾಕ್, ಕ್ರ್ಯಾಂಕ್, ಪಿಸ್ಟನ್ ಇರುವ ಕೆಳಗಿನ ಭಾಗ. ನಿಮ್ಮ ಹೆಡ್ ಚೆನ್ನಾಗಿದ್ದರೆ ಅದನ್ನೇ ಮೇಲೆ ಕೂರಿಸಬಹುದು. ದುಬಾರಿ ಅನಿಸಬಹುದು, ಆದರೆ ಹೋಲಿಸಿ ನೋಡಲು ಕೈಯಲ್ಲಿ ಒಂದು ಅಂಕಿ ಇರಬೇಕಲ್ವಾ?

2. ಕಾರು ಆ ಖರ್ಚಿಗೆ ಯೋಗ್ಯವೇ?

ಆರ್‌ಸಿ ತೆಗೆದು ರಿಜಿಸ್ಟ್ರೇಷನ್ ತಾರೀಖು ನೋಡಿ. ಸ್ವಂತ ಕಾರಿಗೆ 15 ವರ್ಷ ಆದ ಮೇಲೆ ರಿಜಿಸ್ಟ್ರೇಷನ್ ನವೀಕರಿಸಬೇಕು, ಅದಕ್ಕೆ ಆರ್‌ಟಿಒ ತಪಾಸಣೆ, ಶುಲ್ಕ, ಗ್ರೀನ್ ಟ್ಯಾಕ್ಸ್ ಎಲ್ಲ ಇದೆ. ಎಂಜಿನ್ ಬದಲಿಸಿದರೆ ಕಾರಿನ ವಯಸ್ಸು ಕಡಿಮೆ ಆಗುವುದಿಲ್ಲ. 14 ವರ್ಷದ ಕಾರಿಗೆ ಎಂಜಿನ್ ಹಾಕಿಸಿ, ಮರುವರ್ಷ ಅದೇ ಕಾರಿನ ತುಕ್ಕು ಹಿಡಿದ ತಳ ನೋಡಿ ಇನ್ಸ್‌ಪೆಕ್ಟರ್ ತಲೆ ಅಲ್ಲಾಡಿಸಿದರೆ ಏನು ಮಾಡುತ್ತೀರಿ? ಕರಾವಳಿಯ ಕಾರಾದರೆ ಮೊದಲು ಲಿಫ್ಟ್ ಮೇಲೆ ಏರಿಸಿ ತಳ ನೋಡಿಸಿ.

ನನ್ನ ಲೆಕ್ಕ ಇಷ್ಟೇ. ಎಂಜಿನ್ ಬೆಲೆ, ಕೂರಿಸುವ ಕೂಲಿ, ಬದಲಿಸಲೇಬೇಕಾದ ಸಾಮಾನು, ಸಾಗಣೆ, ಆರ್‌ಟಿಒ ಎಲ್ಲ ಸೇರಿ, ಓಡುವ ಸ್ಥಿತಿಯಲ್ಲಿ ಅದೇ ಕಾರಿಗೆ ಸಿಗುವ ಬೆಲೆಯ ಅರ್ಧ ದಾಟಬಾರದು. ದಾಟಿದರೆ ಇದ್ದ ಹಾಗೇ ಮಾರಿ. ಎಂಜಿನ್ ಬೆಲೆ ಮಾತ್ರ ನೋಡಿ ಅಗ್ಗ ಅಂದುಕೊಳ್ಳುವವರು ಉಳಿದ ಖರ್ಚು ಸೇರಿಸಿದಾಗ ಬೆವರುತ್ತಾರೆ.

3. ನಿಮಗೆ ಬೇಕಾದದ್ದು ಯಾವ ಎಂಜಿನ್?

ಆರ್‌ಸಿಯಲ್ಲಿ ಎಂಜಿನ್ ನಂಬರ್ ಇದೆ. ಮಾರುತಿ ಕಾರುಗಳಲ್ಲಿ ಆ ನಂಬರಿನ ಮೊದಲ ಅಕ್ಷರಗಳೇ ಎಂಜಿನ್ ಜಾತಿ ಹೇಳುತ್ತವೆ. ಡಿ13ಎ ಅಂತ ಶುರುವಾದರೆ ಈ 1.3 ಡೀಸೆಲ್. ಎಫ್8ಡಿ ಅಂದರೆ ಹಳೇ ಆಲ್ಟೋದ 796 ಸಿಸಿ, ಕೆ10ಬಿ ಅಂದರೆ 998 ಸಿಸಿ ಪೆಟ್ರೋಲ್. ಆ ಕೋಡನ್ನು ಬರೆದುಕೊಂಡು ಹೋಗಿ. "ಸ್ವಿಫ್ಟ್ ಎಂಜಿನ್ ಇದೆಯಾ?" ಅಂತ ಕೇಳಬೇಡಿ. ಕೇಳಿದರೆ ಇರುವುದನ್ನೆಲ್ಲ ತೋರಿಸುತ್ತಾರೆ.

ಕೋಡ್ ಒಂದೇ ಆದರೂ ಒಳಗೆ ವ್ಯತ್ಯಾಸ ಇದೆ. ಸ್ವಿಫ್ಟ್, ಡಿಜೈರ್, ರಿಟ್ಜ್‌ನಲ್ಲಿ ಬಂದದ್ದು ಸುಮಾರು 75 ಅಶ್ವಶಕ್ತಿಯದು, ಮಾಮೂಲಿ ಟರ್ಬೊ. ಎರ್ಟಿಗಾ, ಸಿಯಾಜ್, ಬ್ರೆಝಾದಲ್ಲಿ ಬಂದದ್ದು 90ರದು, ಅದರ ಟರ್ಬೊದೊಳಗೆ ಕೋನ ಬದಲಿಸುವ ರೆಕ್ಕೆಗಳಿವೆ, ಅದನ್ನು ನಡೆಸುವ ಕಂಟ್ರೋಲ್ ಬೇರೆ. "ಇದನ್ನೇ ಹಾಕಿ ಸಾರ್, ಪಿಕಪ್ ಸಖತ್ತಾಗಿರುತ್ತೆ" ಅಂತ ಪುಸಲಾಯಿಸುತ್ತಾರೆ. ನಿಮ್ಮ ಕಾರಿನ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಅದಕ್ಕೆ ಹೊಂದುವುದಿಲ್ಲ, ಆರ್‌ಸಿಗೂ ಹೊಂದುವುದಿಲ್ಲ. ಬೇಡ.

ಇದೇ ಮಲ್ಟಿಜೆಟ್ ಟಾಟಾ ಇಂಡಿಕಾ ವಿಸ್ಟಾದಲ್ಲೂ, ಫಿಯೆಟ್ ಪುಂಟೊದಲ್ಲೂ ಇತ್ತು. ಬ್ಲಾಕ್ ಒಂದೇ ವಂಶದ್ದು ನಿಜ. ಆದರೆ ಮೌಂಟಿಂಗ್ ಬ್ರ್ಯಾಕೆಟ್, ವೈರಿಂಗ್, ಸುತ್ತ ಕೂರುವ ಸಾಮಾನು ಎಲ್ಲ ಬೇರೆ ಬೇರೆ. ಕಾಗದಪತ್ರದ ವಿಷಯಕ್ಕೆ ಬಂದರೆ ಕಂಪನಿಯೇ ಬೇರೆ ಆಯ್ತು. ಒಳಗಿನ ಬಿಡಿಭಾಗಕ್ಕೆ ಅವು ಉಪಯೋಗಕ್ಕೆ ಬರಬಹುದು, ಇಡೀ ಎಂಜಿನ್‌ಗೆ ಆ ದಾರಿ ಹಿಡಿಯಬೇಡಿ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಹೊಳೆಯುವುದಿಲ್ಲ. ಬಿಎಸ್ 4 ಬೆಂಗಳೂರೂ ಸೇರಿ 13 ದೊಡ್ಡ ನಗರಗಳಿಗೆ 2010ರಲ್ಲೇ ಬಂತು, ದೇಶಕ್ಕೆಲ್ಲ ಬಂದದ್ದು 2017ರ ಏಪ್ರಿಲ್‌ನಲ್ಲಿ. ಹಾಗಾಗಿ ಒಂದೇ ವರ್ಷದ ಎರಡು ಸ್ವಿಫ್ಟ್‌ಗಳಲ್ಲಿ ಬೆಂಗಳೂರಿನದು ಬಿಎಸ್ 4, ದೂರದ ಊರಿನದು ಬಿಎಸ್ 3 ಇರಬಹುದು. ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವ ಭಾಗ), ಸೆನ್ಸರ್ ಇಂಥ ಕಡೆ ವ್ಯತ್ಯಾಸ ಬರುತ್ತದೆ. ದಾನಿ ಕಾರಿನ, ಅಂದರೆ ಆ ಎಂಜಿನ್ ಇಳಿಸಿದ ಕಾರಿನ, ನಂಬರ್ ಸಿಕ್ಕರೆ ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ, ಬಿಎಸ್ ಎಷ್ಟು ಅಂತ ಅಲ್ಲೇ ಇರುತ್ತದೆ.

4. ಎಲ್ಲಿ ಹುಡುಕುವುದು

ಬೆಂಗಳೂರಿನಲ್ಲಿ ಶಿವಾಜಿನಗರದ ಗುಜರಿ ಎಲ್ಲರಿಗೂ ಗೊತ್ತು. ಬಿಡಿಭಾಗಕ್ಕೆ ಜೆ.ಸಿ. ರಸ್ತೆ. ಚೆನ್ನೈನಲ್ಲಿ ಪುದುಪೇಟೆ, ದೆಹಲಿಯಲ್ಲಿ ಮಾಯಾಪುರಿ. ಜಿಲ್ಲಾ ಕೇಂದ್ರಗಳಲ್ಲಿ ಬೈಪಾಸ್ ಪಕ್ಕ ಒಂದೆರಡು ಯಾರ್ಡ್ ಇದ್ದೇ ಇರುತ್ತವೆ. ಈಗ ಸರ್ಕಾರದ ನೋಂದಣಿ ಇರುವ ಸ್ಕ್ರ್ಯಾಪಿಂಗ್ ಕೇಂದ್ರಗಳೂ ಬಂದಿವೆ, ಅಲ್ಲಿ ಬಿಚ್ಚಿದ ಸಾಮಾನು ಮಾರುತ್ತಾರಾ ಅಂತ ಫೋನ್ ಮಾಡಿ ಕೇಳಬಹುದು.

ಜಾಗಕ್ಕಿಂತ ಮುಖ್ಯ, ಎಂಜಿನ್ ಯಾವ ಕಾರಿನಿಂದ ಇಳಿಯಿತು ಅನ್ನುವುದು. ಓಡುತ್ತಿದ್ದ ಕಾರು ಯಾಕೆ ಗುಜರಿಗೆ ಬಂತು? ಅತ್ಯುತ್ತಮ ದಾನಿ ಅಂದರೆ ಹಿಂದಿನಿಂದ ಲಾರಿ ಗುದ್ದಿ ಇನ್ಶೂರೆನ್ಸ್‌ನವರು ಟೋಟಲ್ ಲಾಸ್ ಮಾಡಿದ ಕಾರು. ಡಿಕ್ಕಿ ಕಡೆ ನಜ್ಜುಗುಜ್ಜಾಗಿದ್ದರೂ ಎಂಜಿನ್ ಅಲುಗಿರುವುದಿಲ್ಲ. ಮುಂದೆ ಗುದ್ದಿದ ಕಾರಾದರೆ ಹುಷಾರು. ರೇಡಿಯೇಟರ್ ಒಡೆದ ಮೇಲೂ ಎಂಜಿನ್ ಎಷ್ಟು ಹೊತ್ತು ಓಡಿತೋ ಯಾರಿಗೆ ಗೊತ್ತು? ಕ್ರ್ಯಾಂಕ್ ಪುಲ್ಲಿ ಡೊಂಕಾಗಿದೆಯೇ, ಮೌಂಟಿಂಗ್ ಕೂರುವ ಬ್ಲಾಕ್‌ನ ಕಿವಿಗಳು ಬಿರುಕು ಬಿಟ್ಟಿವೆಯೇ, ಆಯಿಲ್ ಚೇಂಬರ್ ತಗ್ಗಾಗಿದೆಯೇ ಅಂತ ಕೈ ಆಡಿಸಿ ನೋಡಬೇಕು.

ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಕಾರುಗಳಿಗೆ ಕೋರ್ಟ್ ನಿರ್ಬಂಧ ಬಂದ ಮೇಲೆ "ಡೆಲ್ಲಿ ಎಂಜಿನ್ ಸಾರ್, ಕಮ್ಮಿ ಓಡಿದ್ದು" ಅನ್ನುವ ಮಾತು ಅಂಗಡಿಗಳಲ್ಲಿ ಕೇಳಿಸುತ್ತದೆ. ನಿಜವೂ ಇರಬಹುದು. ಆದರೆ ಕಳ್ಳ ಕಾರುಗಳನ್ನು ಬಿಚ್ಚಿ ಮಾರುವುದಕ್ಕೆ ಹೆಸರಾಗಿದ್ದ ಮೀರತ್‌ನ ಸೋತಿಗಂಜ್ ಮಾರ್ಕೆಟ್ ಕೂಡ ಆ ಕಡೆಯದ್ದೇ. 2021ರ ಡಿಸೆಂಬರ್‌ನಲ್ಲಿ ಪೊಲೀಸರು ಅದನ್ನು ಮುಚ್ಚಿಸಿದರು. ದೂರದಿಂದ ಬಂದ ಎಂಜಿನ್‌ಗೆ ಕಾಗದ ಇನ್ನೂ ಗಟ್ಟಿ ಇರಬೇಕು.

5. ಎಂಜಿನ್ ಮುಟ್ಟುವ ಮೊದಲು ನಂಬರ್, ಕಾಗದ

ಎಂಜಿನ್ ನಂಬರ್ ಬ್ಲಾಕ್ ಮೇಲೆ ಸಮತಟ್ಟಾದ ಒಂದು ಜಾಗದಲ್ಲಿ ಕೊರೆದಿರುತ್ತದೆ. ಜಿಡ್ಡು ಮುಚ್ಚಿರುತ್ತದೆ. ಬಟ್ಟೆಗೆ ಸ್ವಲ್ಪ ಡೀಸೆಲ್ ಹಾಕಿ ಒರೆಸಿ. ಬೆಳಕು ಓರೆಯಾಗಿ ಬೀಳುವಂತೆ ಟಾರ್ಚ್ ಹಿಡಿಯಿರಿ. ಸುತ್ತಲಿನ ಲೋಹ ಒರಟಾಗಿದ್ದು ನಂಬರ್ ಇರುವ ಜಾಗ ಮಾತ್ರ ನುಣ್ಣಗೆ ಹೊಳೆಯುತ್ತಿದ್ದರೆ ಗ್ರೈಂಡರ್ ಆಡಿದೆ ಅಂತ. ಅಂಕಿಗಳು ಒಂದು ಮೇಲೆ ಒಂದು ಕೆಳಗೆ ಇದ್ದರೂ, ಒಂದಂಕಿ ಆಳ ಇನ್ನೊಂದು ತೆಳು ಇದ್ದರೂ ಅದೇ ಅನುಮಾನ. ಆರ್‌ಟಿಒದಲ್ಲಿ ಚಾಸಿ ನಂಬರ್‌ಗೆ ಮಾಡುತ್ತಾರಲ್ಲ, ಹಾಗೆ ಒಂದು ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಿರಿ. ಕಣ್ಣಿಗೆ ಕಾಣದ ಹಳೇ ಅಂಕಿಯ ಗುರುತು ಕೆಲವು ಸಲ ಪ್ರಿಂಟ್‌ನಲ್ಲಿ ಕಾಣುತ್ತದೆ.

ಕಳ್ಳಮಾಲು ಹೌದೋ ಅಲ್ಲವೋ ನೋಡಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ, ಅಂದರೆ ಎನ್‌ಸಿಆರ್‌ಬಿಯ, ಆನ್‌ಲೈನ್ ಸೇವೆ ಇದೆ. ಅಲ್ಲಿ ವಾಹನದ ವಿವರ, ಎಂಜಿನ್ ನಂಬರ್ ಕೊಟ್ಟರೆ ಕಳುವಾದ ದಾಖಲೆ ಇದೆಯೇ ಅಂತ ಹೇಳುತ್ತದೆ.

ಅಂಗಡಿಯವರ ಹತ್ತಿರ ಕೇಳಬೇಕಾದ ಕಾಗದ: ದಾನಿ ಕಾರಿನ ಆರ್‌ಸಿ ಪ್ರತಿ, ಇನ್ಶೂರೆನ್ಸ್ ಕಂಪನಿಯಿಂದ ಅಥವಾ ಹರಾಜಿನಿಂದ ಕೊಂಡ ಪತ್ರ, ಆರ್‌ಸಿ ರದ್ದಾಗಿದ್ದರೆ ಅದರ ದಾಖಲೆ. ಎಲ್ಲವೂ ಸಿಗುವುದು ಅಪರೂಪ. ಏನೂ ಇಲ್ಲ, ಗಾಡಿ ನಂಬರೂ ಗೊತ್ತಿಲ್ಲ ಅಂದರೆ ಎಂಜಿನ್ ಎಷ್ಟೇ ಚೆನ್ನಾಗಿರಲಿ ಎದ್ದು ಬನ್ನಿ. ಗಾಡಿ ನಂಬರ್ ಸಿಕ್ಕರೆ ಕಂಪನಿ ಸರ್ವಿಸ್ ಸೆಂಟರಿನಲ್ಲಿ ಪರಿಚಯದವರಿದ್ದರೆ ಕೊನೆಯ ಸರ್ವಿಸ್‌ನಲ್ಲಿ ಎಷ್ಟು ಕಿಲೋಮೀಟರ್ ಆಗಿತ್ತು ಅಂತ ಕೇಳಿ ನೋಡಿ. ಅಂಗಡಿಯವರು ಹೇಳುವ ಕಿಲೋಮೀಟರ್‌ಗಿಂತ ಅದು ನಂಬುವಂಥದ್ದು.

6. ಎಂಜಿನ್ ಇನ್ನೂ ಕಾರಿನಲ್ಲೇ ಇದ್ದರೆ

ಇದಕ್ಕಿಂತ ಒಳ್ಳೇ ಅವಕಾಶ ಇಲ್ಲ. ನೀವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಅಂತ ಹೇಳಿಡಿ. ಹೋದ ಕೂಡಲೇ ಎಂಜಿನ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಮೊದಲೇ ಬಿಸಿ ಮಾಡಿ ಇಟ್ಟಿದ್ದಾರೆ. ಟೀ ಕುಡಿದು ಬನ್ನಿ, ತಣ್ಣಗಾಗಲಿ. ತಣ್ಣಗಿನ ಎಂಜಿನ್ ಸುಳ್ಳು ಹೇಳುವುದಿಲ್ಲ.

ಸೆಲ್ಫ್ ಹೊಡೆದಾಗ ಬೇಗ ಹತ್ತಿಕೊಳ್ಳಬೇಕು. ಆಯಿಲ್ ಲೈಟ್ ತಕ್ಷಣ ಆರಬೇಕು. ಈ ಮಲ್ಟಿಜೆಟ್‌ನಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್. ಪುಲ್ಲಿ ಇರುವ ಕಡೆ ಕಿವಿ ಕೊಡಿ. ಸ್ಟಾರ್ಟ್ ಆದ ಕ್ಷಣಕ್ಕೆ ಸಣ್ಣಗೆ ಜರ್ ಅಂದು ನಿಂತರೆ ಸರಿ. ಆಯಿಲ್ ಏರಿದ ಮೇಲೂ ಸರಪಳಿ ಎಳೆದ ಸದ್ದು ಬರುತ್ತಲೇ ಇದ್ದರೆ ಚೈನ್, ಟೆನ್ಷನರ್ ಸವೆದಿವೆ. ಚೈನ್ ಕಿಟ್ ಹೇಗೂ ಬದಲಿಸುತ್ತೇವೆ, ಆದರೆ ಆ ಸದ್ದು ಇನ್ನೊಂದು ಮಾತನ್ನೂ ಹೇಳುತ್ತದೆ. ಹಳೇ ಮಾಲೀಕ ಆಯಿಲ್ ಕಡೆ ಗಮನ ಕೊಟ್ಟಿಲ್ಲ.

ಈಗ ಆಯಿಲ್ ಕ್ಯಾಪ್ ತೆಗೆಯಿರಿ, ಎಂಜಿನ್ ಓಡುತ್ತಿರಲಿ. ಅಲ್ಲಿಂದ ಸಣ್ಣಗೆ ಗಾಳಿ ಬರುವುದು ಸಹಜ. ಬುಸ್ ಬುಸ್ ಅಂತ ಹೊಗೆ ಒದ್ದುಕೊಂಡು ಬಂದರೆ ಬ್ಯಾಕ್ ಕಂಪ್ರೆಷನ್, ಅಂದರೆ ಸಿಲಿಂಡರ್‌ನ ಒತ್ತಡ ಕೆಳಗೆ ಸೋರುತ್ತಿದೆ. ಕ್ಯಾಪನ್ನು ತಿರುಗಿಸದೆ ತೂತಿನ ಮೇಲೆ ಸುಮ್ನೆ ಇಟ್ಟು ನೋಡಿ. ಕುಣಿದು ಕೆಳಗೆ ಬಿದ್ದರೆ ರಿಂಗ್, ಬೋರ್ ಮುಗಿದಿವೆ. ಆ ಎಂಜಿನ್ ನಿಮಗೆ ಬೇಡ. ನಿಮ್ಮ ಹಳೇದೇ ವಾಸಿ.

ಹೊಗೆ ನೋಡಲು ಒಬ್ಬರನ್ನು ಸೈಲೆನ್ಸರ್ ಹತ್ತಿರ ನಿಲ್ಲಿಸಿ. ರೇಸ್ ಮಾಡಿದಾಗ ಸ್ವಲ್ಪ ಕಪ್ಪು ಹೊಗೆ ಬಂದು ನಿಂತರೆ ಹಳೇ ಡೀಸೆಲ್‌ನಲ್ಲಿ ದೊಡ್ಡ ವಿಷಯ ಅಲ್ಲ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ, ಟರ್ಬೊದಿಂದಲೋ ರಿಂಗ್‌ನಿಂದಲೋ ನೋಡಬೇಕು. ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಲೇ ಇದ್ದು ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ, ಎಂಜಿನ್ ಬಿಸಿಯಾಗುವ ಮೊದಲೇ ರೇಡಿಯೇಟರ್ ಮೇಲಿನ ಪೈಪ್ ಕಲ್ಲಿನಂತೆ ಗಟ್ಟಿಯಾದರೂ ಅದೇ ಅನುಮಾನ.

ಟರ್ಬೊದ ಗಾಳಿ ಪೈಪ್ ಬಿಚ್ಚಿ ಒಳಗೆ ಬೆರಳು ಹಾಕಿ, ಎಂಜಿನ್ ನಿಲ್ಲಿಸಿದ ಮೇಲೆ. ತೆಳುವಾಗಿ ಆಯಿಲ್ ಪಸೆ ಇರುತ್ತದೆ, ಇರಲಿ. ಕೊಚ್ಚೆಯಂತೆ ನಿಂತಿರಬಾರದು. ಟರ್ಬೊ ಶಾಫ್ಟನ್ನು ಅಕ್ಕಪಕ್ಕ ಅಲ್ಲಾಡಿಸಿದರೆ ಕೂದಲೆಳೆಯಷ್ಟು ಆಡುತ್ತದೆ. ಹಿಂದಕ್ಕೂ ಮುಂದಕ್ಕೂ ಎಳೆದಾಗ ಆಡುವುದು ಕೈಗೆ ತಿಳಿದರೆ, ರೆಕ್ಕೆ ಗೋಡೆಗೆ ಉಜ್ಜಿದ ಗೆರೆ ಇದ್ದರೆ ಟರ್ಬೊ ಖರ್ಚು ಸೇರಿಸಿ ಚೌಕಾಸಿ ಮಾಡಿ.

7. ಎಂಜಿನ್ ನೆಲದ ಮೇಲೆ ಬಿದ್ದಿದ್ದರೆ

ಹೆಚ್ಚಿನ ಸಲ ಸಿಗುವುದು ಹೀಗೇ. ಟೈರ್ ಮೇಲೆ ಕೂರಿಸಿರುತ್ತಾರೆ, ಪಕ್ಕದಲ್ಲಿ ಅಂಥವೇ ಆರೇಳು. ಇಲ್ಲಿ ನನ್ನದೊಂದು ಖಡಾಖಂಡಿತ ಅಭಿಪ್ರಾಯ: ತೊಳೆದು ಸಿಲ್ವರ್ ಪೇಂಟ್ ಹೊಡೆದ ಎಂಜಿನ್ ಕೊಳ್ಳಬೇಡಿ. ಧೂಳು, ಜಿಡ್ಡು ಇರುವ ಎಂಜಿನ್‌ನಲ್ಲಿ ಎಲ್ಲಿಂದ ಆಯಿಲ್ ಸೋರುತ್ತಿತ್ತು, ಎಲ್ಲಿ ಕೂಲೆಂಟ್ ಒಣಗಿ ಬಣ್ಣದ ಕಲೆ ಕಟ್ಟಿದೆ, ಯಾವ ಬೋಲ್ಟ್ ಇತ್ತೀಚೆಗೆ ಸ್ಪ್ಯಾನರ್ ಕಂಡಿದೆ ಎಲ್ಲ ಓದಬಹುದು. ತೊಳೆದರೆ ಆ ಸಾಕ್ಷಿಯೇ ಹೋಯ್ತು. ಹೆಡ್ ಬೋಲ್ಟ್‌ಗಳ ಮೂಲೆ ಹೊಳೆಯುತ್ತಿದ್ದರೆ, ಹೆಡ್‌ಗೂ ಬ್ಲಾಕ್‌ಗೂ ನಡುವೆ ಹೊಸ ಗ್ಯಾಸ್ಕೆಟ್ ಪೇಸ್ಟ್ ಇಣುಕುತ್ತಿದ್ದರೆ ಒಂದು ಸಲ ಬಿಚ್ಚಿದ್ದಾರೆ ಅಂತ. ಯಾಕೆ ಬಿಚ್ಚಿದರು ಕೇಳಿ.

ಕ್ರ್ಯಾಂಕ್ ಪುಲ್ಲಿ ಬೋಲ್ಟ್‌ಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ, ಎಂಜಿನ್ ಓಡುವ ದಿಕ್ಕಿಗೇ ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಿ. ಕಂಪ್ರೆಷನ್ ಬಂದಾಗ ಬಿಗಿಯಾಗಬೇಕು, ದಾಟಿದ ಮೇಲೆ ಸಡಿಲ. ನಾಲ್ಕು ಸಿಲಿಂಡರ್‌ಗೆ ನಾಲ್ಕು ಸಲ ಒಂದೇ ಬಗೆಯ ಬಿಗಿ ಕೈಗೆ ಸಿಗಬೇಕು. ಒಂದು ಕಡೆ ಸುಮ್ನೆ ಜಾರಿದರೆ ಆ ಸಿಲಿಂಡರ್ ಕಂಪ್ರೆಷನ್ ಕಳೆದುಕೊಂಡಿದೆ. ಎಲ್ಲೋ ಒಂದು ಕಡೆ ಟಕ್ ಅಂತ ತಡೆದು ನಿಂತರೆ ಬಲ ಹಾಕಬೇಡಿ, ವಾಲ್ವು ಪಿಸ್ಟನ್ನಿಗೆ ತಾಗುತ್ತಿರಬಹುದು. ತಿರುಗದೇ ಇದ್ದರೆ ಕೈ ಮುಗಿದು ಮುಂದೆ ಹೋಗಿ. "ತುಂಬಾ ದಿನ ನಿಂತಿದೆ ಸಾರ್, ಆಯಿಲ್ ಹಾಕಿದ್ರೆ ಫ್ರೀ ಆಗುತ್ತೆ" ಅನ್ನುವ ಮಾತಿಗೆ ದುಡ್ಡು ಕೊಡಬೇಡಿ.

ಡಿಪ್ ಸ್ಟಿಕ್ ಎಳೆದು ಆಯಿಲ್ ನೋಡಿ. ಹಾಲು ಬೆರೆಸಿದ ಕಾಫಿ ಬಣ್ಣ ಬಂದಿದ್ದರೆ ನೀರು ಸೇರಿದೆ. ಕ್ಯಾಪ್ ಅಡಿಯಲ್ಲಿ ಮಾತ್ರ ಸ್ವಲ್ಪ ಕೆನೆ ಇದ್ದರೆ ಅದು ತೇವದಿಂದಲೂ ಬರುತ್ತದೆ, ಅಷ್ಟಕ್ಕೇ ಎಂಜಿನ್ ಕೈಬಿಡಬೇಡಿ. ಆಮೇಲೆ ಆಯಿಲ್ ಫಿಲ್ಟರ್. ಈ ಎಂಜಿನ್‌ನಲ್ಲಿ ಅದು ಡಬ್ಬಿಯೊಳಗೆ ಕೂರುವ ಕಾಗದದ ಫಿಲ್ಟರ್, ಮುಚ್ಚಳ ಬಿಚ್ಚಿದರೆ ಕೈಗೆ ಬರುತ್ತದೆ. ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಕಪ್ಪು ಮಸಿ ಇರಲಿ, ಅದು ಡೀಸೆಲ್‌ನ ಗುಣ. ಮಿನುಗುವ ಚೂರು ಇದ್ದರೆ ಮ್ಯಾಗ್ನೆಟ್ ಆಡಿಸಿ. ಅಂಟಿಕೊಂಡರೆ ಕಬ್ಬಿಣ, ಅಂದರೆ ಚೈನೋ ಕ್ಯಾಮೋ ಸವೆಯುತ್ತಿದೆ. ಅಂಟದೆ ತಾಮ್ರದ ಬಣ್ಣದಲ್ಲಿ ಹೊಳೆದರೆ ಬೇರಿಂಗ್ ಉದುರುತ್ತಿದೆ, ಕ್ರ್ಯಾಂಕ್ ಕೆಲಸ ಗ್ಯಾರಂಟಿ. ಇಷ್ಟು ನೋಡಲು ಅಂಗಡಿಯವರು ಬಿಡದಿದ್ದರೆ ಅದೂ ಒಂದು ಉತ್ತರವೇ.

ಆಯಿಲ್ ಕ್ಯಾಪ್ ತೂತಿನಿಂದ ಟಾರ್ಚ್ ಬಿಟ್ಟು ಟ್ಯಾಪೆಟ್ ಕವರ್ ಒಳಗೆ ನೋಡಿ. ಕಂದು ಬಣ್ಣದ ತೆಳು ಪದರ ಪರವಾಗಿಲ್ಲ. ಡಾಂಬರಿನಂತೆ ಗಟ್ಟಿ ಕೆಸರು ಕೂತಿದ್ದರೆ ಆಯಿಲ್ ಬದಲಿಸದೆ ಓಡಿಸಿದ್ದಾರೆ.

ಸೆಲ್ಫ್ ಮೋಟಾರ್ ಕೂರಿಸಲು ಸಾಧ್ಯವಿದ್ದರೆ ಬ್ಯಾಟರಿ ಕೊಟ್ಟು ಕಂಪ್ರೆಷನ್ ಟೆಸ್ಟ್ ಮಾಡಿಸಿ. ಡೀಸೆಲ್‌ನ ಗೇಜ್ ಬೇರೆ, ಪೆಟ್ರೋಲ್ ಗೇಜ್ ತಡೆಯುವುದಿಲ್ಲ. ಒಟ್ಟು ಅಂಕಿಗಿಂತ ನಾಲ್ಕರ ನಡುವಿನ ವ್ಯತ್ಯಾಸ ಮುಖ್ಯ. ಹತ್ತು ಹದಿನೈದು ಪರ್ಸೆಂಟ್ ದಾಟಿದರೆ ಕೈಬಿಡಿ. ಟೆಸ್ಟಿಗೆ ಗ್ಲೋ ಪ್ಲಗ್ (ತಣ್ಣಗಿನ ಡೀಸೆಲ್ ಎಂಜಿನ್ ಸ್ಟಾರ್ಟ್ ಆಗಲು ಸಿಲಿಂಡರ್ ಕಾಯಿಸುವ ಪ್ಲಗ್) ಬಿಚ್ಚುವಾಗ ಮಾತ್ರ ಜೋಪಾನ. ವರ್ಷಗಟ್ಟಲೆ ಕೂತದ್ದು ಹೆಡ್‌ನಲ್ಲೇ ಮುರಿದುಕೊಂಡರೆ ಅದರ ಜಗಳ ಬೇರೆ.

8. ನೀರು ಕುಡಿದ ಎಂಜಿನ್

ಇದನ್ನು ಬೇರೆಯಾಗಿಯೇ ಹೇಳಬೇಕು. 2015ರಲ್ಲಿ ಚೆನ್ನೈ, 2018ರಲ್ಲಿ ಕೇರಳ, 2022ರ ಸೆಪ್ಟೆಂಬರ್‌ನಲ್ಲಿ ನಮ್ಮದೇ ಬೆಳ್ಳಂದೂರು, ಹೊರವರ್ತುಲ ರಸ್ತೆ. ಪ್ರತಿ ನೆರೆಯ ಹಿಂದೆ ನೀರಿಗೆ ಸಿಕ್ಕಿದ ಕಾರುಗಳು ಹರಾಜಿಗೆ ಬರುತ್ತವೆ. ಅವುಗಳ ಎಂಜಿನ್ ಕಡಿಮೆ ಓಡಿದ್ದು, ನೋಡಲು ಚೆಂದ, ಬೆಲೆಯೂ ಆಸೆ ಹುಟ್ಟಿಸುವಂಥದ್ದು.

ನಿಂತ ಕಾರಿನ ಸುತ್ತ ನೀರು ಏರಿ ಇಳಿದದ್ದಾದರೆ ಬೇಗ ಬಿಚ್ಚಿ ಒಣಗಿಸಿದ ಎಂಜಿನ್ ಬದುಕಬಹುದು. ನೀರಿನಲ್ಲಿ ಓಡಿಸಿ ನಿಂತದ್ದು ಬೇರೆ ಕತೆ. ಗಾಳಿಯ ದಾರಿಯಲ್ಲಿ ನೀರು ಸಿಲಿಂಡರ್ ಸೇರುತ್ತದೆ. ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಪಿಸ್ಟನ್ ಮೇಲೆ ಬರಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ವಲ್ಪವೇ ಬಾಗಿದ್ದರೆ ಎಂಜಿನ್ ಸ್ಟಾರ್ಟ್ ಕೂಡ ಆಗುತ್ತದೆ, ತಿಂಗಳುಗಟ್ಟಲೆ ಓಡುತ್ತದೆ, ಆಮೇಲೆ ಒಂದು ದಿನ ಹೈವೇಯಲ್ಲಿ ರಾಡ್ ಬ್ಲಾಕ್ ಒಡೆದು ಹೊರಗೆ ಬರುತ್ತದೆ.

ಪತ್ತೆ ಹೇಗೆ? ಆಲ್ಟರ್ನೇಟರ್ ಸಂದಿಯಲ್ಲಿ, ಗೇರ್‌ಬಾಕ್ಸ್ ಸೇರುವ ಹೌಸಿಂಗ್ ಒಳಗೆ, ವೈರಿಂಗ್ ಕನೆಕ್ಟರ್‌ಗಳ ಒಳಗೆ ನುಣ್ಣನೆಯ ಒಣ ಮಣ್ಣು ಇದೆಯಾ ನೋಡಿ. ಹೊರಗೆ ತೊಳೆಯುತ್ತಾರೆ, ಅಲ್ಲಿಗೆ ಯಾರೂ ಕೈ ಹಾಕುವುದಿಲ್ಲ. ಪೆಟ್ರೋಲ್ ಎಂಜಿನ್ ಆದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಒಂದು ಉದ್ದ ಪ್ಲಾಸ್ಟಿಕ್ ಕಡ್ಡಿ ಇಳಿಸಿ. ಕ್ರ್ಯಾಂಕ್ ತಿರುಗಿಸುತ್ತಾ ಪಿಸ್ಟನ್ ತೀರಾ ಮೇಲೆ ಬಂದಾಗ ಕಡ್ಡಿಗೆ ಗುರುತು ಹಾಕಿ. ನಾಲ್ಕು ಸಿಲಿಂಡರ್‌ನಲ್ಲಿ 1 ಮತ್ತು 4 ಒಟ್ಟಿಗೆ ಮೇಲೆ ಬರುತ್ತವೆ, 2 ಮತ್ತು 3 ಒಟ್ಟಿಗೆ. ನಾಲ್ಕೂ ಗುರುತು ಒಂದೇ ಎತ್ತರದಲ್ಲಿರಬೇಕು. ಒಂದು ತಗ್ಗಿದ್ದರೆ ಅದರ ರಾಡ್ ಬಾಗಿದೆ. ಡೀಸೆಲ್‌ನಲ್ಲಿ ಗ್ಲೋ ಪ್ಲಗ್ ತೂತು ಸಣ್ಣದು, ಓರೆ. ಅಲ್ಲಿ ಕಂಪ್ರೆಷನ್ ಟೆಸ್ಟ್ ಅಥವಾ ಮೊಬೈಲಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾ ನಂಬಬೇಕು. ಒಂದೇ ಸಿಲಿಂಡರ್‌ನ ಕಂಪ್ರೆಷನ್ ಕಡಿಮೆ, ಉಳಿದವು ಚೆನ್ನಾಗಿವೆ ಅಂದರೆ ಮೊದಲ ಅನುಮಾನ ಇದೇ ಇರಲಿ.

9. ಬೆಲೆ, ಬಿಲ್

ಒಂದೇ ಅಂಗಡಿ ನೋಡಿ ಮುಗಿಸಬೇಡಿ. ಬೆಲೆ ಕೇಳುವಾಗ ಏನೇನು ಸೇರಿದೆ ಅಂತ ಕೈ ಇಟ್ಟು ತೋರಿಸಿ ಕೇಳಿ: ಟರ್ಬೊ, ಇಂಜೆಕ್ಟರ್, ಹೈ ಪ್ರೆಷರ್ ಪಂಪ್, ಆಲ್ಟರ್ನೇಟರ್, ಎಸಿ ಕಂಪ್ರೆಸರ್. "ಫುಲ್ ಎಂಜಿನ್" ಅಂದವರು ಗಾಡಿಗೆ ಹೇರುವಾಗ ಟರ್ಬೊ ಬಿಚ್ಚಿಕೊಳ್ಳುವುದುಂಟು. ಮಾತಾದ ಕೂಡಲೇ ನಾಲ್ಕೂ ಕಡೆಯಿಂದ ಫೋಟೊ ತೆಗೆದು, ಪೇಂಟ್ ಮಾರ್ಕರ್‌ನಲ್ಲಿ ಬ್ಲಾಕ್ ಮೇಲೆ ನಿಮ್ಮ ಗುರುತು ಹಾಕಿ. ಬರುವುದು ಅದೇ ಎಂಜಿನ್ ಅಂತ ಖಾತ್ರಿ.

ಬಿಲ್‌ನಲ್ಲಿ ಎಂಜಿನ್ ನಂಬರ್, ದಾನಿ ಗಾಡಿ ನಂಬರ್, ಅಂಗಡಿಯ ಹೆಸರು ವಿಳಾಸ, ಕೊಟ್ಟ ಮೊತ್ತ ಇರಲೇಬೇಕು. "ಸೆಕೆಂಡ್ ಹ್ಯಾಂಡ್ ಪಾರ್ಟ್ಸ್" ಅಂತ ಒಂದು ಸಾಲು ಗೀಚಿದ ಚೀಟಿ ಆರ್‌ಟಿಒದಲ್ಲಿ ನಡೆಯುವುದಿಲ್ಲ. ಚೆಕಿಂಗ್ ವಾರಂಟಿ ಅಂತ ಕೊಡುತ್ತಾರೆ, ಅಂದರೆ ಕೂರಿಸಿ ಸ್ಟಾರ್ಟ್ ಮಾಡಿ ನೋಡುವವರೆಗೆ. ಎಷ್ಟು ದಿನ, ಕೆಟ್ಟಿದ್ದರೆ ದುಡ್ಡು ವಾಪಸ್ಸೋ ಬೇರೆ ಎಂಜಿನ್ನೋ ಅದನ್ನೂ ಬಿಲ್ ಮೇಲೆ ಬರೆಸಿ. ಇಳಿಸಿ ಕೂರಿಸುವ ಕೂಲಿ ಯಾರೂ ಕೊಡುವುದಿಲ್ಲ. ಇಷ್ಟೆಲ್ಲ ಮೊದಲೇ ನೋಡುವುದು ಅದಕ್ಕೇ.

ಸಾಗಿಸುವಾಗ ಎಂಜಿನ್ ನೆಟ್ಟಗೆ ನಿಂತಿರಲಿ, ಆಯಿಲ್ ಚೇಂಬರ್ ಮೇಲೆ ಭಾರ ಬೀಳದಿರಲಿ. ತೆರೆದ ತೂತುಗಳಿಗೆಲ್ಲ ಟೇಪ್ ಸುತ್ತಿ. ಬಟ್ಟೆ ತುರುಕಬೇಡಿ, ಮರೆತು ಹಾಗೇ ಕೂರಿಸಿಬಿಡುತ್ತಾರೆ.

10. ಕೂರಿಸುವ ಮೊದಲು, ಕೂರಿಸಿದ ಮೇಲೆ

ಹೊರಗಿರುವಾಗ ನೂರು ರೂಪಾಯಿಯ ಸೀಲ್ ಬದಲಿಸುವುದು ಸುಲಭ. ಒಳಗೆ ಕೂತ ಮೇಲೆ ಅದೇ ಸೀಲ್‌ಗೆ ಗೇರ್‌ಬಾಕ್ಸ್ ಇಳಿಸಬೇಕು. ಕ್ರ್ಯಾಂಕ್‌ನ ಎರಡೂ ಕಡೆಯ ಆಯಿಲ್ ಸೀಲ್, ಚೈನ್ ಕಿಟ್, ವಾಟರ್ ಪಂಪ್, ಥರ್ಮೋಸ್ಟಾಟ್, ಬೆಲ್ಟ್, ಫಿಲ್ಟರ್‌ಗಳು ಹೊಸದು ಹಾಕಿಸಿ. ಕ್ಲಚ್ ಅರ್ಧ ಸವೆದಿದ್ದರೂ ಈಗಲೇ ಬದಲಿಸಿ. ಎಂಜಿನ್ ಮೌಂಟಿಂಗ್ ರಬ್ಬರ್ ಸೀಳಿದ್ದರೆ ಅದೂ. ನಿಮ್ಮ ಹಳೇ ಎಂಜಿನ್‌ನ ಆಲ್ಟರ್ನೇಟರ್, ಎಸಿ ಕಂಪ್ರೆಸರ್ ಚೆನ್ನಾಗಿದ್ದರೆ ಅವನ್ನೇ ಬಳಸಿ.

ಇಸಿಯು, ವೈರಿಂಗ್ ನಿಮ್ಮ ಕಾರಿನದೇ ಇರಲಿ. ಕಳ್ಳತನ ತಡೆಯುವ ಇಮ್ಮೊಬಿಲೈಸರ್ ನಿಮ್ಮ ಕೀಗೂ ಇಸಿಯುಗೂ ಗಂಟು ಹಾಕಿರುತ್ತದೆ. ಇಂಜೆಕ್ಟರ್ ಬೇರೆ ಬಂದರೆ ಅವುಗಳ ಮೇಲಿನ ಕೋಡನ್ನು ಸ್ಕ್ಯಾನರ್‌ನಲ್ಲಿ ಇಸಿಯುಗೆ ತುಂಬಬೇಕು. ಸ್ಕ್ಯಾನರ್ ಇಲ್ಲದ ಗ್ಯಾರೇಜಾದರೆ ಮೊದಲೇ ಬೇರೆಯವರನ್ನು ಗೊತ್ತು ಮಾಡಿಕೊಳ್ಳಿ. ಇಂಟರ್‌ಕೂಲರ್, ಅದರ ಪೈಪ್‌ಗಳು, ರೇಡಿಯೇಟರ್ ಬಿಚ್ಚಿ ತೊಳೆಸಿ, ಒಣಗಿಸಿ.

ಮೊದಲ ಸ್ಟಾರ್ಟ್‌ಗೆ ಮುಂಚೆ ಡೀಸೆಲ್ ಹೋಗದಂತೆ ಇಂಜೆಕ್ಟರ್ ಕನೆಕ್ಟರ್ ತೆಗೆದು, ಆಯಿಲ್ ಲೈಟ್ ಆರುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಬೇಕು. ಒಣ ಬೇರಿಂಗ್ ಮೇಲೆ, ಒಣ ಟರ್ಬೊ ಮೇಲೆ ಎಂಜಿನ್ ಓಡಬಾರದು. ಸ್ಟಾರ್ಟ್ ಆದ ಮೇಲೆ ರೇಸ್ ಮಾಡದೆ ಬಿಸಿಯಾಗಲು ಬಿಡಿ, ಫ್ಯಾನ್ ತಿರುಗುವವರೆಗೆ ಕಾಯಿರಿ, ಕೂಲೆಂಟ್‌ನ ಗಾಳಿ ತೆಗೆಸಿ. ಮೊದಲ 500 ಕಿಲೋಮೀಟರ್‌ಗೆ ಆಯಿಲ್, ಫಿಲ್ಟರ್ ಬದಲಿಸಿ. ಆ ಫಿಲ್ಟರನ್ನೂ ಬಿಡಿಸಿ ನೋಡಿ. ಅಲ್ಲಿಯವರೆಗೆ ಧರ್ಮಸ್ಥಳ, ತಿರುಪತಿ ಪ್ಲಾನ್ ಬೇಡ, ಊರೊಳಗೇ ಓಡಿಸಿ.

11. ಆರ್‌ಟಿಒ, ಇನ್ಶೂರೆನ್ಸ್

ಎಂಜಿನ್ ನಂಬರ್ ಬದಲಾದ ಕಾರು ಆರ್‌ಸಿಗೆ ತಾಳೆಯಾಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಬದಲಾವಣೆಗಳ ಬಗ್ಗೆಯೇ ಇದೆ. ಎಂಜಿನ್ ಕೊಳ್ಳುವ ಮೊದಲೇ ನಿಮ್ಮ ಆರ್‌ಟಿಒಗೆ ಹೋಗಿ ಅನುಮತಿಗೆ ಏನೇನು ಬೇಕು ಕೇಳಿಕೊಳ್ಳಿ. ಅದೇ ಕಂಪನಿ, ಅದೇ ಮಾದರಿ, ಅದೇ ಇಂಧನದ ಎಂಜಿನ್ ಆದರೆ ಕೆಲಸ ಹಗುರ. ಸಾಮಾನ್ಯವಾಗಿ ಆರ್‌ಸಿ, ಚಾಲ್ತಿ ಇನ್ಶೂರೆನ್ಸ್, ಎಮಿಷನ್ ಟೆಸ್ಟ್ ಸರ್ಟಿಫಿಕೇಟ್, ಎಂಜಿನ್ ಬಿಲ್, ದಾನಿ ಕಾರಿನ ಕಾಗದ ಕೇಳುತ್ತಾರೆ. ಕಾರಿನ ಮೇಲೆ ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು. ಇನ್ಸ್‌ಪೆಕ್ಟರ್ ಕಾರು ನೋಡಿ ನಂಬರ್ ಪ್ರಿಂಟ್ ತೆಗೆದ ಮೇಲೆ ಹೊಸ ನಂಬರ್ ಆರ್‌ಸಿಗೆ ಏರುತ್ತದೆ.

ಅದಾದ ಮೇಲೆ ಇನ್ಶೂರೆನ್ಸ್ ಕಂಪನಿಗೆ ಪತ್ರ ಕೊಟ್ಟು ಪಾಲಿಸಿಯಲ್ಲೂ ನಂಬರ್ ಬದಲಿಸಿಕೊಳ್ಳಿ. ಇದನ್ನು ಬಿಟ್ಟರೆ ಅಪಘಾತವಾದ ದಿನ ಸರ್ವೇಯರ್ ಬೋನೆಟ್ ಎತ್ತಿ ನಂಬರ್ ನೋಡುತ್ತಾನೆ, ಕ್ಲೇಮ್‌ಗೆ ತಕರಾರು ಅಲ್ಲೇ ಶುರು.

ಹಳೇ ಎಂಜಿನ್ ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ. ಆರ್‌ಸಿ ತಿದ್ದುಪಡಿ ಮುಗಿಯುವವರೆಗೆ ಅದು ನಿಮ್ಮ ಹೆಸರಿನ ನಂಬರ್. ಮುಗಿದ ಮೇಲೆ ಸ್ಟಾರ್ಟರ್, ಇಂಜೆಕ್ಟರ್, ಪಂಪ್ ಬಿಚ್ಚಿ ಇಟ್ಟುಕೊಂಡು, ಉಳಿದದ್ದನ್ನು ತೂಕಕ್ಕೆ ಹಾಕಿ. ಆ ನಂಬರ್ ಬರೆದ ರಸೀದಿ ಇಸಿದುಕೊಂಡು ಕಾರಿನ ಫೈಲ್‌ನಲ್ಲಿಡಿ.